ಬಾಣಸವಾಡಿಯ ದ್ರಾಕ್ಷಿ, ನಂದಿಯ ತಪ್ಪಲು

ಹೆಣ್ಣೂರು ರಸ್ತೆಗೂ ಬಾಣಸವಾಡಿ ರಸ್ತೆಗೂ ನಡುವೆ ಇದ್ದ ಹೊಲ, ತೋಟಗಳನ್ನು ಬಿಡಿಎ ಸೈಟುಗಳಾಗಿ ಕತ್ತರಿಸಿ ಎಚ್‌ಆರ್‌ಬಿಆರ್ ಲೇಔಟ್ ಮಾಡಿತು. ಅದಕ್ಕೆ ಮೊದಲು ಬೆಂಗಳೂರಿನ ಈ ಮಗ್ಗುಲೆಲ್ಲ ಕೆಮ್ಮಣ್ಣು, ತೆರೆದ ಬಾವಿ, ಕಲ್ಲುಕಂಬಕ್ಕೆ ತಂತಿ ಬಿಗಿದ ದ್ರಾಕ್ಷಿ ಚಪ್ಪರ. ಈಗ ಹಳೇ ಬಾಣಸವಾಡಿಯ ಗಲ್ಲಿಗಳಲ್ಲಿ ಸುತ್ತಿದರೆ ಗುಡಿ ಸಿಗುತ್ತದೆ, ಬಿರಿಯಾನಿ ಸಿಗುತ್ತದೆ, ಬಾಡಿಗೆ ಮನೆ ಸಿಗುತ್ತದೆ. ಬಳ್ಳಿ ಮಾತ್ರ ಸಿಗುವುದಿಲ್ಲ.

ಆ ಬಳ್ಳಿ ‘ಬೆಂಗಳೂರು ಬ್ಲೂ’. ದಪ್ಪ ಸಿಪ್ಪೆ, ಒಳಗೆ ಬೀಜ, ಕೋಣೆಗೆಲ್ಲ ಹಬ್ಬುವ ಘಮ. ವರ್ಷಕ್ಕೆ ಎರಡು ಬೆಳೆ. ತಿನ್ನುವವರು ಬೀಜವಿಲ್ಲದ ಹಣ್ಣಿನ ಕಡೆ ತಿರುಗಿದರೂ ಜ್ಯೂಸಿಗೆ, ಅಗ್ಗದ ಪೋರ್ಟ್ ವೈನಿಗೆ ಇದೇ ಬೇಕು. ಇದಕ್ಕೆ ದೊಡ್ಡ ಗಿರಾಕಿ ಹತ್ತಿರದಲ್ಲೇ ಇತ್ತು: 1809ರಲ್ಲಿ ನೆಲೆಯೂರಿದ ಬ್ರಿಟಿಷರ ದಂಡು. ಆ ದಂಡಿನ ಮಗ್ಗುಲ ಕುಕ್ ಟೌನ್, ಫ್ರೇಜರ್ ಟೌನ್, ಲಿಂಗರಾಜಪುರದ ಕ್ರೈಸ್ತ ಮನೆಗಳಲ್ಲಿ ಈಗಲೂ ಕ್ರಿಸ್‌ಮಸ್ಸಿಗೆ ಮುಂಚಿತವಾಗಿಯೇ ಪಿಂಗಾಣಿ ಜಾಡಿ ಕೆಳಗಿಳಿಯುತ್ತದೆ. ಹಣ್ಣು ತೊಳೆದು, ನೀರಿನ ಪಸೆಯಿಲ್ಲದಂತೆ ಒರೆಸಿ, ಕಿವುಚಿ, ಸಕ್ಕರೆ, ಈಸ್ಟ್, ಒಂದು ಹಿಡಿ ಗೋಧಿ, ಚಕ್ಕೆ, ಲವಂಗ ಹಾಕಿ ಬಾಯಿಗೆ ಬಟ್ಟೆ ಕಟ್ಟುತ್ತಾರೆ. ದಿನಕ್ಕೊಮ್ಮೆ ಮರದ ಸೌಟಿನಿಂದ ತಿರುವಬೇಕು. ಒದ್ದೆ ಸೌಟು ತಾಗಿದರೆ ಹುಳಿಯಾಯಿತೆಂದೇ ಲೆಕ್ಕ. ಸುಮಾರು ಮೂರು ವಾರಕ್ಕೆ ಸೋಸುತ್ತಾರೆ. ವೈನ್ ಬಲ್ಲವರು ಇದನ್ನು ಸಿಹಿನೀರೆಂದು ಹಗುರಾಗಿ ಕಂಡಾರು. ನನಗೆ ಪ್ಲಮ್ ಕೇಕಿನ ಜೊತೆ ಬೇರೆ ಯಾವುದೂ ಒಗ್ಗದು.

ಚಪ್ಪರ ನೋಡಲೇಬೇಕೆಂದರೆ ಬಡಗಣಕ್ಕೆ, ದೇವನಹಳ್ಳಿ ದಾಟಿ ನಂದಿಬೆಟ್ಟದ ತಪ್ಪಲಿಗೆ ಹೋಗಬೇಕು. ದೊಡ್ಡಬಳ್ಳಾಪುರ ತಾಲ್ಲೂಕಿನ ರಘುನಾಥಹಳ್ಳಿಯಲ್ಲಿ 1988ರಲ್ಲಿ ಉದ್ಯಮಿ ಕನ್ವಲ್ ಗ್ರೋವರ್ ವೈನಿಗೆಂದು ಫ್ರೆಂಚ್ ತಳಿಗಳನ್ನು ನೆಟ್ಟರು. ಅಲ್ಲಿ ಬಳ್ಳಿ ತಲೆಯ ಮೇಲೆ ಹಬ್ಬುವುದಿಲ್ಲ, ಬೇಲಿಯಂತೆ ಸಾಲಾಗಿ ನಿಲ್ಲುತ್ತದೆ. ರಾಜ್ಯ ಸರ್ಕಾರ 2007ರಲ್ಲಿ ವೈನ್ ನೀತಿ ತಂದ ಮೇಲೆ ಟೂರು, ಟೇಸ್ಟಿಂಗು ಎಲ್ಲ ಬಂದವು. ಸುತ್ತಲಿನ ರೈತರ ಚಪ್ಪರಗಳಲ್ಲಿ ಮಾತ್ರ ಹಳೆಯ ನೀಲಿ ಹಣ್ಣೇ ತೂಗುತ್ತದೆ. ಅದಕ್ಕೆ 2013ರಲ್ಲಿ ಭೌಗೋಳಿಕ ಗುರುತು ಸಿಕ್ಕಿತು, ಬೆಂಗಳೂರಿನ ಹೆಸರಿನಲ್ಲಿ! ಅಷ್ಟು ಹೊತ್ತಿಗೆ ಬೆಂಗಳೂರು ತನ್ನ ಚಪ್ಪರಗಳನ್ನು ಬಹುಪಾಲು ಕಿತ್ತುಹಾಕಿತ್ತು.

ಬಾಣಸವಾಡಿಗೂ ನಂದಿಗೂ ನೀರಿನ ನಂಟೂ ಇದೆ. ದಕ್ಷಿಣ ಪಿನಾಕಿನಿ ಹೊಳೆ ಹುಟ್ಟುವುದು ನಂದಿ ಬೆಟ್ಟಗಳ ಸೀಮೆಯಲ್ಲೇ. ಬಾಣಸವಾಡಿಯ ಬಡಗಣಕ್ಕಿರುವ ಹೆಬ್ಬಾಳ–ನಾಗವಾರ ಕಣಿವೆಯ ನೀರು ಕಲ್ಕೆರೆ, ರಾಂಪುರ, ಎಲೆಮಲ್ಲಪ್ಪ ಶೆಟ್ಟಿ ಕೆರೆಗಳನ್ನು ಹಾದು ಅದೇ ಹೊಳೆಗೆ ಸೇರುತ್ತದೆ. ಈಗ ಆ ಕಣಿವೆಯ ಕೊಳಚೆಯನ್ನು ಶುದ್ಧೀಕರಿಸಿ, ಪಂಪು ಮಾಡಿ, ಚಿಕ್ಕಬಳ್ಳಾಪುರದ ಕಡೆಯ ಕೆರೆಗಳಿಗೆ ತುಂಬಿಸುತ್ತಾರೆ. ಬತ್ತಿದ ಕೊಳವೆಬಾವಿಗಳಿಗೆ ಜೀವ ಬರಲೆಂಬ ಯೋಜನೆ ಅದು. ಎರಡು ಹಂತದ ಶುದ್ಧೀಕರಣ ಸಾಲದು, ಮೂರನೆಯದೂ ಆಗಲಿ ಎಂದು ಅಲ್ಲಿನ ರೈತರು ಕೇಳುತ್ತಲೇ ಇದ್ದಾರೆ. ನಾವು ಜಾಡಿಗೆ ಹಾಕುವ ಹಣ್ಣು ಅದೇ ಸೀಮೆಯದು. ಅವರ ಬೇಡಿಕೆಗೆ ಬಾಣಸವಾಡಿಯವರೂ ದನಿಗೂಡಿಸಬೇಕು.