ನಂಗಲಿ ಗಡಿಯಲ್ಲಿ ಸಾವಿನ ಲೆಕ್ಕ

ಕೋಲಾರ ಜಿಲ್ಲೆಯಲ್ಲಿ ದುಡಿಮೆಯ ಅಪಾಯವೆಂದರೆ ಬಹುಕಾಲ ಕೆಜಿಎಫ್ ಚಿನ್ನದ ಗಣಿಯೇ. 1880ರಲ್ಲಿ ಜಾನ್ ಟೇಲರ್ ಅಂಡ್ ಸನ್ಸ್ ಕಂಪನಿ ಕೈಹಾಕಿದ ಮೇಲೆ ಸುರಂಗಗಳು ಆಳಕ್ಕಿಳಿಯುತ್ತ ಹೋದವು. ಅಲ್ಲಿನ ಚಾಂಪಿಯನ್ ರೀಫ್ ಗಣಿಯ ಆಳ 3 ಕಿ.ಮೀ.ಯನ್ನೂ ದಾಟಿತು. ಆ ಆಳದಲ್ಲಿ ಮೇಲಿನ ಬಂಡೆಯ ಭಾರ ತಡೆಯಲಾರದೆ ಸುರಂಗದ ಗೋಡೆ ಒಮ್ಮೆಲೇ ಸಿಡಿಯುತ್ತಿತ್ತು. ಮೇಲಿನ ಮನೆಗಳೂ ನಡುಗುತ್ತಿದ್ದುದರಿಂದ ಅಂಥ ಸಾವು ಊರಿಗೆಲ್ಲ ಗೊತ್ತಾಗುತ್ತಿತ್ತು.

ಕಲ್ಲು ಕೊರೆಯುವಾಗ ಏಳುವ ಸಿಲಿಕಾ ಧೂಳಿಗೆ ಸದ್ದಿರಲಿಲ್ಲ. 1940ರ ದಶಕದ ತಪಾಸಣೆಯಲ್ಲಿ ನೂರಕ್ಕೆ 40ಕ್ಕೂ ಹೆಚ್ಚು ಮಂದಿಗೆ ಈ ಧೂಳಿನಿಂದ ಬರುವ ಶ್ವಾಸಕೋಶದ ರೋಗ ಸಿಲಿಕೋಸಿಸ್ ಕಂಡುಬಂತು. ಕೆಲಸ ಬಿಟ್ಟು ಹಳ್ಳಿಗೆ ಮರಳಿ, ವರ್ಷಗಟ್ಟಲೆ ಕೆಮ್ಮಿ ಸತ್ತವನು ಗಣಿಯ ಅಪಘಾತದ ಪಟ್ಟಿಯಲ್ಲಿ ಬರುವುದಿಲ್ಲ. ಗಣಿ ಸುರಕ್ಷಿತವೋ ಅಲ್ಲವೋ ಎಂಬ ಮಾತು ಸಿಡಿತದ ಲೆಕ್ಕದ ಮೇಲೆಯೇ ನಿಂತರೆ, ದೊಡ್ಡ ರೋಗ ಅದರಾಚೆ ಉಳಿದುಬಿಡುತ್ತದೆ.

ಗಣಿ 2001ರ ಫೆಬ್ರವರಿ 28ರಂದು ಮುಚ್ಚಿತು. ಈಗ ಜಿಲ್ಲೆಯಲ್ಲಿ ಭಯದ ಮಾತು ಹೆದ್ದಾರಿಯದು. ಹೊಯ್ಸಳ ವಿಷ್ಣುವರ್ಧನನ ಶಾಸನಗಳಲ್ಲಿ ರಾಜ್ಯದ ಮೂಡಣ ಎಲ್ಲೆಯಾಗಿ ಬರುವ ನಂಗಲಿ ಇಂದಿಗೂ ಗಡಿಯೂರೇ. ಹಿಂದೆ ನಾಲ್ಕನೇ ನಂಬರಿನದಾಗಿದ್ದ, ಈಗ 75 ಆಗಿರುವ ರಾಷ್ಟ್ರೀಯ ಹೆದ್ದಾರಿ ಇಲ್ಲಿಂದ ಆಂಧ್ರಕ್ಕೆ ದಾಟುತ್ತದೆ.

ರಸ್ತೆಯ ಸಾವು ಅಂಕಿಯಾಗುವುದು ಪೊಲೀಸ್ ಠಾಣೆಯಲ್ಲಿ. ಬೈಕ್ ಸವಾರನಿಗೆ ಲಾರಿ ಗುದ್ದಿತೆನ್ನಿ. 2024ರ ಜುಲೈವರೆಗೆ ಎಫ್‌ಐಆರ್‌ಗೆ ಮೊದಲು ಬೀಳುತ್ತಿದ್ದುದು ಐಪಿಸಿ 279, 337 ಅಥವಾ 338ನೇ ಕಲಂ, ಅಂದರೆ ಅಡ್ಡಾದಿಡ್ಡಿ ಚಾಲನೆ ಮತ್ತು ಗಾಯ. ಗಾಯಾಳು ದೊಡ್ಡಾಸ್ಪತ್ರೆಯಲ್ಲಿ ತೀರಿಕೊಂಡರೆ ಅಲ್ಲಿಂದ ಬಂದ ಮಾಹಿತಿಯ ಮೇಲೆ ನಿರ್ಲಕ್ಷ್ಯದಿಂದಾದ ಸಾವಿನ ಕಲಂ 304ಎ ಸೇರುತ್ತಿತ್ತು. ಕಲಂ ಸಂಖ್ಯೆಗಳು ಈಗ ಬದಲಾಗಿವೆ, ದಾರಿ ಅದೇ. ಆ ಮಾಹಿತಿ ಠಾಣೆಗೆ ತಲುಪದಿದ್ದರೆ ಸತ್ತವನು ಕಾಗದದಲ್ಲಿ ಗಾಯಾಳುವಾಗಿಯೇ ಉಳಿಯುತ್ತಾನೆ. ತಲುಪಿದರೂ, ಅಪಘಾತವಾದ 30 ದಿನದೊಳಗಿನ ಸಾವಷ್ಟೇ ರಸ್ತೆ ಸಾವಿನ ಅಂಕಿಗೆ ಸೇರುತ್ತದೆ.

2022ರಲ್ಲಿ ದೇಶದ ರಸ್ತೆಗಳಲ್ಲಿ ಸತ್ತವರು 1,68,491 ಮಂದಿ, ದಿನಕ್ಕೆ ಸರಾಸರಿ 460ಕ್ಕೂ ಹೆಚ್ಚು. ಒಂದೇ ಗಣಿಯಲ್ಲಿ ಇಷ್ಟು ಜನ ಸತ್ತಿದ್ದರೆ ದೇಶವೇ ನಿಂತು ನೋಡುತ್ತಿತ್ತು. ರಸ್ತೆಯಲ್ಲಿ ಒಬ್ಬೊಬ್ಬರಾಗಿ ಸಾಯುವುದರಿಂದ ಪತ್ರಿಕೆಯ ಒಳಪುಟಕ್ಕೆ ಸರಿಯುತ್ತಾರೆ. ಸಾವಿನ ಸಂಖ್ಯೆಯನ್ನು ಯಾವುದರಿಂದ ಭಾಗಿಸುತ್ತೇವೆ ಎಂಬುದರ ಮೇಲೂ ಚಿತ್ರ ಬದಲಾಗುತ್ತದೆ. 20 ದೇಶಗಳ 1938ರ ಅಂಕಿಗಳನ್ನು ಹಿಡಿದು ಬ್ರಿಟನ್ನಿನ ಸಂಖ್ಯಾಶಾಸ್ತ್ರಜ್ಞ ಆರ್. ಜೆ. ಸ್ಮೀಡ್ 1949ರಲ್ಲಿ ತೋರಿಸಿದ್ದು ಇದನ್ನೇ: ವಾಹನ ಹೆಚ್ಚಿದಷ್ಟೂ ವಾಹನವೊಂದಕ್ಕೆ ಬೀಳುವ ಸಾವು ಇಳಿಯುತ್ತದೆ, ಸತ್ತವರ ಒಟ್ಟು ಸಂಖ್ಯೆ ಏರುತ್ತಿದ್ದರೂ.

ಲೆಕ್ಕದ ಗೆರೆ ಎಲ್ಲಿ ಎಳೆಯುತ್ತೇವೆ ಎಂಬುದೂ ಹಾಗೆಯೇ. ಹೆದ್ದಾರಿಯ ಸುಮಾರು 500 ಮೀಟರ್ ಉದ್ದದಲ್ಲಿ ಮೂರು ವರ್ಷಕ್ಕೆ ಸಾವು ಅಥವಾ ತೀವ್ರ ಗಾಯದ ಐದು ಅಪಘಾತ, ಇಲ್ಲವೇ ಹತ್ತು ಸಾವು ಸಂಭವಿಸಿದರೆ ಅದು 'ಬ್ಲ್ಯಾಕ್ ಸ್ಪಾಟ್'. ದುರಸ್ತಿಯ ಹಣಕ್ಕೆ ಈ ಹಣೆಪಟ್ಟಿ ಬೇಕು. ಗಡಿಯಲ್ಲಿ ಇದಕ್ಕೊಂದು ತೊಡಕಿದೆ. ಗಡಿಕಂಬದ ಈಚೆಗಿನ ಸಾವು ಕೋಲಾರದ್ದು, ಆಚೆಗಿನದು ಚಿತ್ತೂರಿನದು. ತಿರುವು ಒಂದೇ ಆದರೂ ಲೆಕ್ಕ ಎರಡಾಗಿ, ಎರಡೂ ಕಡೆ ಐದಕ್ಕೆ ಮುಟ್ಟದೆ ಉಳಿಯಬಹುದು.