ಬೇರಿನ ಗಂಟು, ಬೀಜದ ಹೆಸರು: ಪೀಚ್ ಬೇರುಸಸಿಗಳ ನಿರೋಧಶಕ್ತಿಯ ಚರಿತ್ರೆ

ಫಲವೃಕ್ಷಗಳ ಚರಿತ್ರೆಯನ್ನು ಬರೆಯುವವರು ಸಾಮಾನ್ಯವಾಗಿ ಹಣ್ಣಿನ ತಳಿಗಳನ್ನೇ ಅನುಸರಿಸುತ್ತಾರೆ. ಕಸಿಮಾಡಿದ ಮರಕ್ಕಾದರೋ ಎರಡು ವಂಶಗಳುಂಟು: ಹಣ್ಣು ಕೊಡುವ ಕುಡಿಯದು ಒಂದು, ಮಣ್ಣಿನೊಳಗಿನ ಬೇರುಸಸಿಯದು ಮತ್ತೊಂದು. ಅಮೆರಿಕದ ಪೀಚ್ ತೋಟಗಳಲ್ಲಿ ಈ ಎರಡನೆಯ ವಂಶದ ಚರಿತ್ರೆಯು ಬೇರುಗಂಟು ಜಂತುಹುಳುವಿನ ಚರಿತ್ರೆಯೊಡನೆ ಹೆಣೆದುಕೊಂಡಿದೆ. ಹೆಸರುಗಳ ಹುಟ್ಟು ಮತ್ತು ಪಲ್ಲಟವನ್ನು ಶೋಧಿಸುವ ಜಾನಪದ ವಿದ್ವಾಂಸರಿಗೂ ಇದು ಗಮನಾರ್ಹವಾದ ವಿಷಯ.

1855ರಲ್ಲಿ ಇಂಗ್ಲೆಂಡಿನ ಎಂ. ಜೆ. ಬರ್ಕ್ಲಿ ಅವರು ಸೌತೆಗಿಡದ ಬೇರುಗಳಲ್ಲಿ ಈ ಗಂಟುಗಳನ್ನು ಗುರುತಿಸಿದರು. ಎಳೆಯ ಹುಳು ಬೇರಿನ ತುದಿಯನ್ನು ಹೊಕ್ಕು, ಕೆಲವು ಜೀವಕೋಶಗಳನ್ನು ದೈತ್ಯಕೋಶಗಳನ್ನಾಗಿ ಮಾರ್ಪಡಿಸಿ, ಅವುಗಳಿಂದಲೇ ಆಹಾರ ಹೀರುತ್ತದೆ. ನಿರೋಧಕ ಸಸ್ಯದಲ್ಲಿ ಹುಳುವಿನ ಸುತ್ತಲಿನ ಕೋಶಗಳು ಸತ್ತು, ಅದಕ್ಕೆ ಆಹಾರ ದೊರೆಯದಂತಾಗುತ್ತದೆ.

ಇಪ್ಪತ್ತನೆಯ ಶತಮಾನದ ಪೂರ್ವಾರ್ಧದಲ್ಲಿ ಈ ಹುಳುಗಳೆಲ್ಲವನ್ನೂ ಒಂದೇ ಪ್ರಭೇದವೆಂದು ಭಾವಿಸಲಾಗಿತ್ತು. ಆ ಕಾಲದಲ್ಲಿ ನಿರೋಧಕವೆಂದು ಆಯ್ಕೆಯಾದ ಬೇರುಸಸಿಗಳಲ್ಲಿ ಭಾರತ ಉಪಖಂಡದ ವಾಯವ್ಯ ಭಾಗದಿಂದ ಹೋದ ‘ಶಲಿಲ್’ ಮತ್ತು ಚೀನಾದ ‘ಯುನ್ನಾನ್’ ಪೀಚ್‌ಗಳು ಮುಖ್ಯವಾದವು. ಒಂದು ತೋಟದಲ್ಲಿ ಉಳಿಯುವ ಬೇರು ಮತ್ತೊಂದರಲ್ಲಿ ಏಕೆ ಗಂಟುಗಟ್ಟುವುದೆಂಬ ಪ್ರಶ್ನೆಗೆ ಆಗ ಉತ್ತರವಿರಲಿಲ್ಲ. 1949ರಲ್ಲಿ ಬಿ. ಜಿ. ಚಿಟ್‌ವುಡ್ ಅವರು ಹೆಣ್ಣುಹುಳುವಿನ ಹಿಂಭಾಗದ ಗೆರೆಗಳ ವಿನ್ಯಾಸವನ್ನು ಆಧರಿಸಿ ಮೆಲಾಯ್ಡೊಗೈನ್ ಕುಲದ ಪ್ರಭೇದಗಳನ್ನು ಬೇರ್ಪಡಿಸಿದ ಬಳಿಕ ಕಾರಣ ಸ್ಪಷ್ಟವಾಯಿತು. ಶಲಿಲ್ ಮತ್ತು ಯುನ್ನಾನ್ ಬೇರುಗಳು ಇನ್‌ಕಾಗ್ನಿಟಾ ಪ್ರಭೇದವನ್ನು ತಡೆಯುತ್ತಿದ್ದವು. ಜವಾನಿಕಾ ಪ್ರಭೇದಕ್ಕೆ ತುತ್ತಾಗುತ್ತಿದ್ದವು.

1959ರಲ್ಲಿ ಅಮೆರಿಕದ ಕೃಷಿ ಇಲಾಖೆಯು ಬಿಡುಗಡೆ ಮಾಡಿದ ‘ನೆಮಗಾರ್ಡ್’ ಈ ಎರಡನ್ನೂ ತಡೆಯಿತು. ಇದರ ಮೂಲಬೀಜ ಬಂದದ್ದು ಪ್ರೂನಸ್ ಡೇವಿಡಿಯಾನಾ ಎಂಬ ಹೆಸರಿನಲ್ಲಿ. ಅದು ಪೀಚ್‌ನೊಡನೆ ಬೆರೆತ ಸಂಕರವೆಂಬುದು ನಂತರದ ಅಭಿಪ್ರಾಯ. ಕ್ಯಾಲಿಫೋರ್ನಿಯಾದ ಪೀಚ್ ಮತ್ತು ಬಾದಾಮಿ ತೋಟಗಳು ದಶಕಗಳ ಕಾಲ ಬಹುಮಟ್ಟಿಗೆ ಇದನ್ನೇ ನಂಬಿದವು. ಆದರೆ ಫ್ಲಾರಿಡಾದಲ್ಲಿ ಇದನ್ನೂ ಗಂಟುಗಟ್ಟಿಸುವ ಹುಳುಗಳು ಕಂಡುಬಂದವು. ಅವುಗಳನ್ನು ತಡೆಯಬಲ್ಲ ‘ಫ್ಲಾರ್ಡಗಾರ್ಡ್’ 1991ರಲ್ಲಿ ಬಿಡುಗಡೆಯಾಯಿತು. ಹುಳುವಿಗೆ ಫ್ಲಾರಿಡೆನ್ಸಿಸ್ ಎಂಬ ಪ್ರತ್ಯೇಕ ಹೆಸರು ದೊರೆತದ್ದು 2004ರಲ್ಲಿ. ಇಲ್ಲಿ ಹೆಸರಿಗಿಂತ ಮೊದಲೇ ಪರಿಹಾರ ಬಂದಿತ್ತು.

2011ರಲ್ಲಿ ಫ್ರಾನ್ಸಿನ ಸಂಶೋಧಕರು ಮೈರೊಬಲಾನ್ ಪ್ಲಮ್‌ನ ‘ಎಂಎ’ ವಂಶವಾಹಿಯನ್ನು ಪ್ರತ್ಯೇಕಿಸಿ ವಿವರಿಸಿದರು. ಪರೀಕ್ಷಿಸಿದ ಹಲವು ಪ್ರಭೇದಗಳನ್ನು ಇದೊಂದೇ ತಡೆಯುತ್ತದೆ.

ಈ ಚರಿತ್ರೆಯಿಂದ ಒಂದು ನಿರ್ಣಯಕ್ಕೆ ಬರಬಹುದು. ‘ನಿರೋಧಕ’ ಎಂಬ ಪದವು ನಿರ್ದಿಷ್ಟ ಬೇರು ಮತ್ತು ನಿರ್ದಿಷ್ಟ ಹುಳುವಿನ ಸಂಬಂಧವನ್ನು ಸೂಚಿಸುತ್ತದೆ. ಯಾವ ಹುಳುವಿಗೆ ಎಂಬುದನ್ನು ಹೇಳದೆ ಆ ಪದವನ್ನು ಬಳಸಿದರೆ ಅರ್ಥ ಅಪೂರ್ಣವಾಗುತ್ತದೆ. ನೆಟ್ಟ ಮರದ ಬೇರನ್ನು ಬದಲಿಸಲಾಗದು. ಆದುದರಿಂದ ಆ ಅಪೂರ್ಣತೆಯ ಬೆಲೆಯನ್ನು ಬೆಳೆಗಾರನೇ ತೆರಬೇಕಾಗುತ್ತದೆ.