ಕಾವಲಿಗೆ ಬೇಲಿ ಬಿದ್ದದ್ದು

ನಮ್ಮ ನಲ್ಲೂರಿನ ಹುಣಸೆ ತೋಪಿಗೆ 2007ರಲ್ಲಿ ದೇಶದ ಮೊದಲ ಜೀವವೈವಿಧ್ಯ ಪಾರಂಪರಿಕ ತಾಣವೆಂಬ ಹೆಸರು ಬಂತು. ಮರಗಳಿಗೂ ಚರಿತ್ರೆ ಇದೆಯೆಂದು ಸರ್ಕಾರ ಒಪ್ಪಿತು, ಸಂತೋಷವೇ. ಎರಡೇ ವರ್ಷಕ್ಕೆ, 2009ರಲ್ಲಿ, ಚಳ್ಳಕೆರೆ ಸೀಮೆಯ ಹುಲ್ಲಿಗೆ ಮಾತ್ರ ಚರಿತ್ರೆಯೇ ಇಲ್ಲದಂತಾಯಿತು. ಕುದಾಪುರದ ಅಮೃತಮಹಲ್ ಕಾವಲಿನ 1,500 ಎಕರೆ ಭಾರತೀಯ ವಿಜ್ಞಾನ ಸಂಸ್ಥೆಯ ಹೊಸ ಕ್ಯಾಂಪಸ್ಸಿಗೆ ಹೋಯಿತು. ಸುತ್ತಲ ಕಾವಲುಗಳು ರಕ್ಷಣೆ, ಅಣು, ಬಾಹ್ಯಾಕಾಶದವರಿಗೆ. ಕಡತದಲ್ಲಿ ಅದು ಸರ್ಕಾರಿ ಜಮೀನು. ಮೈಸೂರು ಅರಸರ ದಂಡಿನ ಎತ್ತುಗಳು ಮೇಯ್ದ ನೆಲದಲ್ಲಿ ಕುರಿ ಕಾಯೋನಿಗೆ, ತುಂಡು ಭೂಮಿಯೂ ಇಲ್ಲದ ಕೇರಿಯವನಿಗೆ ಪಹಣಿ ಎಲ್ಲಿಂದ ಬರಬೇಕು? ಪಹಣಿ ಇಲ್ಲದೋನಿಗೆ ಪರಿಹಾರ ಯಾರು ಕೊಡ್ತಾರೆ? ವಿದ್ಯೆ ಬೇಡ ಅನ್ನೋರು ನಾವಲ್ಲ, ಬಾಬಾಸಾಹೇಬರ ಮಕ್ಕಳು. ಆದರೆ ದನದ ಬಾಯಿಂದ ಕಿತ್ತ ಹುಲ್ಲಿನ ಮೇಲೆ ಎದ್ದ ತರಗತಿಯಲ್ಲಿ ಆ ದನಗಾಹಿಯ ಮಗಳಿಗೆ ಬೆಂಚು ಉಂಟೇ? ಮೊಕದ್ದಮೆ ಹಸಿರು ನ್ಯಾಯಮಂಡಳಿಯ ಬಾಗಿಲಿಗೂ ಹೋಯಿತು. ಅಲ್ಲಿ ಈ ಪ್ರಶ್ನೆಗೆ ಕಾಲಂ ಇರಲಿಲ್ಲ.